ದ್ವೀಪದಲ್ಲಿ ಗುಡುಗಮ್ಮ

ಆಗಸ್ಟ್ 4, ಸೋಮವಾರ

ಬೆಳಿಗ್ಗೆ ಆಸ್ಪತ್ರೆಯಿಂದ ಮನೆಗೆ ಬಂದೆ. ಗಂಟಲೊಳಗೆ, ದನಿ ಹೊರಡುವ ಜಾಗದಲ್ಲಿ ಇದ್ದ ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಸಾಸಿವೆಗಿಂತ ತುಸು ದೊಡ್ಡದು, ಅಷ್ಟೇ. ವರದಿ ಬರಲು ಮೂರು ವಾರ ಬೇಕಂತೆ. ಗಾಯ ಆಳವಾಗಿದೆ, ಆರು ವಾರ ಒಂದಕ್ಷರ ಆಡಕೂಡದು ಎಂದಿದ್ದಾರೆ. ಪಿಸುಗುಟ್ಟುವುದೂ ಬೇಡವಂತೆ.

"ಆರು ವಾರ ಇವಳು ಮಾತಾಡ್ದೆ ಇರ್ಬೇಕಾ?" ಎಂದು ನನ್ನ ಗಂಡ ಕೇಳಿದ ರೀತಿಗೆ ನರ್ಸು ನಕ್ಕುಬಿಟ್ಟಳು. ಆಮೇಲೆ ಅವರು ದನಿ ತಗ್ಗಿಸಿ, "ಕೆಟ್ಟ ಗಂಟಾ ಡಾಕ್ಟ್ರೇ?" ಎಂದರು. ಡಾಕ್ಟರು "ವರದಿ ಬರ್ಲಿ" ಎಂದು ಕಿಟಕಿಯ ಕಡೆ ನೋಡಿದರು. ಇಪ್ಪತ್ತೇಳು ವರ್ಷದಿಂದ ಹತ್ತನೇ ತರಗತಿಯ ಮಕ್ಕಳ ಮುಖ ನೋಡುತ್ತಿದ್ದೇನೆ. ಪ್ರಶ್ನೆ ಕೇಳಿದಾಗ ಕಿಟಕಿಯ ಕಡೆ ನೋಡುವವರ ಬಳಿ ಒಳ್ಳೆಯ ಉತ್ತರ ಇರುವುದಿಲ್ಲ.

ಬಾಯಿಗೆ ಬೀಗ ಬಿದ್ದ ಮೇಲೆ ಮಾತು ಎಲ್ಲಾದರೂ ಹೋಗಬೇಕಲ್ಲ. ಮಿಕ್ಕ ಉತ್ತರಪತ್ರಿಕೆಗಳ ಖಾಲಿ ಹಾಳೆಗಳನ್ನು ಸೇರಿಸಿ ಹೊಲಿದು ಈ ಪುಸ್ತಕ ಮಾಡಿಕೊಂಡೆ. ಇದನ್ನು ಯಾರೂ ಓದುವುದಿಲ್ಲ. ಆದ್ದರಿಂದ ಬರೆದುಬಿಡುತ್ತೇನೆ: ನನಗೆ ಭಯವಾಗಿದೆ.

ಆಗಸ್ಟ್ 7, ಗುರುವಾರ

ಮನೆಯಲ್ಲಿ ಗಂಡನನ್ನು ಕರೆಯಬೇಕಾದರೆ ಲೋಟಕ್ಕೆ ಚಮಚ ಬಡಿಯುತ್ತೇನೆ. ಒಂದು ಬಡಿತ ಎಂದರೆ ಬನ್ನಿ, ಎರಡು ಎಂದರೆ ಬೇಗ ಬನ್ನಿ. ಮೂರು ಬಡಿತಕ್ಕೆ ಅವರು ಇನ್ನೂ ಅರ್ಥ ಕಂಡುಹಿಡಿದಿಲ್ಲ, ನಾನೂ ಹೇಳುವಂತಿಲ್ಲ.

ಅವರದು ಕನ್ನಡಕದ ಅಂಗಡಿ. ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು, ಚೌಕಟ್ಟಿಗೆ ಕೂರಿಸುವುದು. ಸಂಜೆ ಬಂದವರು ಇದ್ದಕ್ಕಿದ್ದಂತೆ ಅಂಗಡಿಯ ಕಥೆ ಶುರು ಮಾಡಿದರು. ಯಾರೋ ಮುದುಕ ಹೊಸ ಕನ್ನಡಕ ಹಾಕಿಕೊಂಡು ಹೆಂಡತಿಯ ಮುಖ ನೋಡಿ, "ಇವಳಿಗೆ ಯಾವಾಗ ವಯಸ್ಸಾಯ್ತು?" ಎಂದನಂತೆ. ಅವರ ಮಾತು ನಿಧಾನ. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಟೀ ಕುಡಿದು ಬರಬಹುದು. ಸಾಮಾನ್ಯವಾಗಿ ಅವರ ವಾಕ್ಯವನ್ನು ನಾನೇ ಮುಗಿಸುತ್ತೇನೆ. ಇವತ್ತು ಆಗಲಿಲ್ಲ. ಇಡೀ ಕಥೆ ಕೇಳಬೇಕಾಯಿತು.

ಆಗಸ್ಟ್ 11, ಸೋಮವಾರ

ಶಾಲೆಗೆ ಹೋದೆ. ಹೆಡ್‌ಮೇಡಂ ನನ್ನನ್ನು ಕೂರಿಸಿ ನೀರು ಕೊಟ್ಟರು. ಬೇರೆ ಗಣಿತದ ಶಿಕ್ಷಕರು ಸಿಗುತ್ತಿಲ್ಲವಂತೆ. ರಜೆ ಹಾಕಿದರೆ ಮಕ್ಕಳು ಆರು ವಾರ ಖಾಲಿ ಕೂರಬೇಕು. "ಬೋರ್ಡ್ ಮೇಲೆ ಬರೆದು ನಡೆಸ್ತೀರಾ?" ಎಂದು ಕೇಳಿದರು. ಆಗಲಿ ಎನ್ನುವಂತೆ ತಲೆಯಾಡಿಸಿದೆ. ಮನೆಯಲ್ಲಿ ಕೂತರೆ ವರದಿಯದೇ ಯೋಚನೆ.

ಬರೆದು ನಡೆಸುವುದು ಹತ್ತು ನಿಮಿಷವೂ ಆಗಲಿಲ್ಲ. ನಾನು ಬೋರ್ಡಿನ ಕಡೆ ತಿರುಗಿದ ಕೂಡಲೇ ನಲವತ್ತೊಂದು ಮಕ್ಕಳು ಸಂತೆಯಾದರು. ಮಕ್ಕಳು ನನ್ನನ್ನು ಗುಡುಗಮ್ಮ ಎಂದು ಕರೆಯುವುದು ನನಗೆ ಗೊತ್ತು, ಸ್ವಲ್ಪ ಹೆಮ್ಮೆಯೂ ಇದೆ. ಗುಡುಗಿಲ್ಲದ ಗುಡುಗಮ್ಮ ಡಸ್ಟರನ್ನು ಮೇಜಿಗೆ ಬಡಿದಳು, ಸೀಮೆಸುಣ್ಣದ ಪುಡಿ ಎದ್ದಿತು, ಮಕ್ಕಳು ಕೆಮ್ಮಿದರು, ಅಷ್ಟೇ.

ಸ್ಟಾಫ್ ರೂಮಿನಲ್ಲಿ ವಿಜ್ಞಾನ ಹೇಳಿಕೊಡುವ ಆ ಹೊಸ ಹುಡುಗಿ ಪಕ್ಕಕ್ಕೆ ಬಂದು ಕೂತಳು. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿಲ್ಲ, ಎಲ್ಲದಕ್ಕೂ ಒಂದು ಉಪಾಯ ಇಟ್ಟುಕೊಂಡಿರುತ್ತಾಳೆ.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಒಂದು ಆನ್‌ಲೈನ್ ಆಟ ಇದೆ. ಎಲ್ಲಾ ಮಕ್ಕಳೂ ಒಂದೇ ದ್ವೀಪದಲ್ಲಿ ಇರ್ತಾರೆ. ಊರು ಕಟ್ಟಬೇಕು, ಸೇತುವೆ ಕಟ್ಟಬೇಕು, ನೀರು ತರ್ಬೇಕು. ಲೆಕ್ಕ ಸರಿ ಹಾಕ್ದೆ ಏನೂ ಕಟ್ಟಕ್ಕಾಗಲ್ಲ. ನೀವೂ ಒಳಗೆ ಇರ್ಬಹುದು. ಅಲ್ಲಿ ಎಲ್ಲರೂ ಟೈಪ್ ಮಾಡೇ ಮಾತಾಡೋದು, ಯಾರಿಗೂ ದನಿ ಬೇಕಾಗಿಲ್ಲ."

ಜೊತೆಗೆ ತಂದಿದ್ದ ಸ್ಲೇಟಿನ ಮೇಲೆ ಬರೆದೆ: "ಆಟ ಆಡಿಸೋಕೆ ನನಗೆ ಸಂಬಳ ಕೊಡ್ತಿಲ್ಲ."

"ಎರಡು ವಾರ ನೋಡಿ ಮೇಡಂ. ಆಗ್ಲಿಲ್ಲ ಅಂದ್ರೆ ಬಿಟ್ಬಿಡೋಣ."

ಬೇರೆ ದಾರಿ ಇಲ್ಲದ್ದಕ್ಕೆ ಒಪ್ಪಿದೆ. ಹೊರಡುವಾಗ ಹೆಡ್‌ಮೇಡಂ ನಾಲ್ಕು ಹೆಸರಿನ ಪಟ್ಟಿ ತೋರಿಸಿ ಸಹಿ ಮಾಡಿಸಿಕೊಂಡರು. ಗಣಿತ ಬಿಡಿಸಿ ಕೌಶಲ ವಿಭಾಗಕ್ಕೆ ಹಾಕುವ ಮಕ್ಕಳ ಪಟ್ಟಿ. ಜೂನ್‌ನಲ್ಲಿ ನಾನೇ ಕೊಟ್ಟ ಹೆಸರುಗಳು. ಸೆಪ್ಟೆಂಬರ್ ಹತ್ತಕ್ಕೆ ಅದು ಮೇಲಿನ ಕಚೇರಿಗೆ ಹೋಗುತ್ತದೆ. ಒಮ್ಮೆ ಹೋದರೆ ಮುಂದೆ ಅವರಿಗೆ ವಿಜ್ಞಾನದ ಬಾಗಿಲು ಮುಚ್ಚಿದಂತೆ. ಮೊದಲ ಹೆಸರು ಕೊನೆಯ ಬೆಂಚಿನ ಹುಡುಗಿಯದು. ಮಕ್ಕಳೆಲ್ಲ ಅವಳನ್ನು ಕಲ್ಲು ಎನ್ನುತ್ತಾರೆ. ಒಂಬತ್ತನೇ ತರಗತಿಯಿಂದ ಈವರೆಗೆ ನನ್ನ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ.

ಆಗಸ್ಟ್ 13, ಬುಧವಾರ

ಸೈಕಲ್ ನಿಲ್ದಾಣದ ಮೇಲಿನ ಮಹಡಿಯ ಕಂಪ್ಯೂಟರ್ ಕೋಣೆ. ಇಪ್ಪತ್ತೆರಡು ಯಂತ್ರ, ಅದರಲ್ಲಿ ಒಂದರ ಕೀಲಿಮಣೆಯಲ್ಲಿ ನಾಲ್ಕು ಗುಂಡಿ ಇಲ್ಲ. ಅರ್ಧ ತರಗತಿ ನನ್ನ ಜೊತೆ ಇಲ್ಲಿ, ಇನ್ನರ್ಧ ವಿಜ್ಞಾನದ ಹುಡುಗಿಯ ಪ್ರಯೋಗಾಲಯದಲ್ಲಿ, ಮರುದಿನ ಅದಲು ಬದಲು. ದ್ವೀಪ ಮಾತ್ರ ಎಲ್ಲರಿಗೂ ಒಂದೇ. ಇವತ್ತು ಇವರು ಅರ್ಧ ಕಟ್ಟಿದ ಗೋಡೆಯನ್ನು ನಾಳೆ ಅವರು ಮುಗಿಸಬೇಕು.

ಯಾರೂ ಸ್ವಂತ ಹೆಸರು ಇಟ್ಟುಕೊಳ್ಳುವಂತಿಲ್ಲ. ಇದು ಅವಳ ನಿಯಮ. "ಯಾರು ಯಾರು ಅಂತ ಗೊತ್ತಾಗ್ದಿದ್ರೆ ಮಾತಾಡ್ತಾರೆ ಮೇಡಂ." ಹಾಗಾಗಿ ಪರದೆಯ ಮೇಲೆ ಮಿಡತೆ, ಗೂಬೆ, ಇಸ್ತ್ರಿಪೆಟ್ಟಿಗೆ, ಚಪ್ಪಲಿಚೋರ ಎಂದೆಲ್ಲ ಓಡಾಡುತ್ತಿದ್ದವು. ನನಗೆ ಬೆಳ್ಳಕ್ಕಿ ಎಂದು ಇಟ್ಟಿದ್ದಾಳೆ. ಬೆಳ್ಳಕ್ಕಿ ಯಾರೆಂದು ಮಕ್ಕಳಿಗೆ ಹೇಳಿಲ್ಲ.

ಬೆಳ್ಳಕ್ಕಿ ದ್ವೀಪಕ್ಕೆ ಇಳಿದ ಎರಡನೇ ನಿಮಿಷಕ್ಕೆ ನೇರವಾಗಿ ಸಮುದ್ರಕ್ಕೆ ನಡೆದು ಮುಳುಗಿದಳು. ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಚಾಟ್‌ನಲ್ಲಿ ನಗುವಿನ ಸಾಲೇ ಬಂತು. ಮತ್ತೆ ಹುಟ್ಟಿದೆ, ಮತ್ತೆ ಮುಳುಗಿದೆ. ಮೂರನೇ ಸಲ ಮಿಡತೆ ಎನ್ನುವ ಪ್ರಾಣಿ ಬಂದು ಅಡ್ಡ ನಿಂತು ಬರೆಯಿತು: "ಹೊಸಬರೇ, ಬಾಣದ ಗುಂಡಿಯಿಂದ ಬೆರಳು ತೆಗೀರಿ. ಒತ್ತಿ ಹಿಡಿದ್ರೆ ನಡೀತಾನೇ ಇರ್ತೀರಿ."

ಐವತ್ತನಾಲ್ಕು ವರ್ಷದ ಹೆಂಗಸಿಗೆ ನಡೆಯುವುದನ್ನು ಹೇಳಿಕೊಟ್ಟರು. ಹಾಳು ಆಟ.

ಆಗಸ್ಟ್ 14, ಗುರುವಾರ

ನಾಲ್ಕು ಸಲ ಮುಳುಗಿದೆ. ಗಂಟಲು ನೋಯುತ್ತಿದೆ. ಬರೆಯುವಂಥದ್ದು ಏನೂ ಇಲ್ಲ.

ಆಗಸ್ಟ್ 19, ಮಂಗಳವಾರ

ಇವತ್ತು ಮುಳುಗಲಿಲ್ಲ.

ದ್ವೀಪದಲ್ಲಿ ಒಂದು ಕಡಿದಾದ ಬಂಡೆ ಇದೆ. ಅದರ ಮೇಲೆ ಬೆಳೆ, ಕೆಳಗೆ ನದಿ. ಕೊಯ್ದ ಕಾಳನ್ನು ಬಂಡಿಯಲ್ಲಿ ತುಂಬಿ ಹಗ್ಗ ಕಟ್ಟಿ ಇಳಿಸಬೇಕು. ಹಗ್ಗವನ್ನು ಒಮ್ಮೆ ಕತ್ತರಿಸಿದರೆ ಮತ್ತೆ ಜೋಡಿಸುವಂತಿಲ್ಲ. ಬಂಡೆಯ ಎತ್ತರ ಅಳೆಯಲು ಏಣಿಯಿಲ್ಲ, ಕೋನ ಅಳೆಯುವ ಉಪಕರಣ ಮಾತ್ರ ಇದೆ. ಮಕ್ಕಳು ದೂರದಲ್ಲಿ ನಿಂತು ನೋಡಿದರು, ಮೂವತ್ತು ಡಿಗ್ರಿ. ನಲವತ್ತು ಮೀಟರ್ ಹತ್ತಿರ ಬಂದು ನೋಡಿದರು, ಅರವತ್ತು.

ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇದು ನನ್ನದೇ ಲೆಕ್ಕ! ಪ್ರತಿ ವರ್ಷ ಬೋರ್ಡಿನ ಮೇಲೆ ಗೋಪುರ ಬರೆದು ಮಾಡಿಸುವುದು ಇದನ್ನೇ. ಪ್ರತಿ ವರ್ಷ ಅರ್ಧ ತರಗತಿ ಆಕಳಿಸುತ್ತದೆ. ಇಲ್ಲಿ ಇಪ್ಪತ್ತು ಜನ ಜಗಳವಾಡುತ್ತಿದ್ದರು. ಕೊನೆಗೆ ಉತ್ತರ ಬಂತು: ಇಪ್ಪತ್ತು ಇಂಟು ಮೂರರ ವರ್ಗಮೂಲ. ಚಪ್ಪಲಿಚೋರ "ರೂಟ್ ಮೂರು ಅಂದ್ರೆ 1.7" ಎಂದು ಬರೆದು, ಯಾರೂ ತಡೆಯುವ ಮೊದಲೇ ಮೂವತ್ತನಾಲ್ಕು ಮೀಟರಿಗೆ ಹಗ್ಗ ಕತ್ತರಿಸಿಬಿಟ್ಟ.

ಹಗ್ಗ ಅರವತ್ತನಾಲ್ಕು ಸೆಂಟಿಮೀಟರ್ ಗಿಡ್ಡವಾಯಿತು. ಬಂಡಿ ಕೆಳಗಿನ ಕೊಕ್ಕೆಗೆ ಮುಟ್ಟದೆ ತೂಗಾಡಿ, ಮಗುಚಿ, ಒಂದು ವಾರದ ಕಾಳೆಲ್ಲ ನದಿಪಾಲಾಯಿತು. ಕೋಣೆ ತುಂಬ ಕಿರುಚಾಟ. ನಾನು ಡಸ್ಟರ್ ಬಡಿಯಲಿಲ್ಲ, ನನಗೂ ಕಾಳು ಹೋದ ಸಂಕಟ.

ಆಗಸ್ಟ್ 20, ಬುಧವಾರ

ಇದನ್ನು ಪೂರ್ತಿ ಬರೆದಿಡಬೇಕು.

ಹೊಸ ಹಗ್ಗ ತಂದರು. ಎಷ್ಟಕ್ಕೆ ಕತ್ತರಿಸಬೇಕೆಂಬ ಚರ್ಚೆ. ನಾನು ಬರೆದೆ: "1.7 ಸಾಲದು. 1.732 ತೆಗೆದುಕೊಳ್ಳಿ." ಆಗ ಮಿಡತೆ ಕೇಳಿತು:

"1.732 ಆದ್ಮೇಲೆ ಏನಿದೆ?"

"ಇನ್ನೂ ಅಂಕಿಗಳಿವೆ."

"ಎಲ್ಲಿ ಮುಗಿಯುತ್ತೆ?"

"ಮುಗಿಯುವುದೇ ಇಲ್ಲ."

ಮಿಡತೆ ನಾಲ್ಕು ಹೆಜ್ಜೆ ನಡೆದು ಹಗ್ಗದ ತುದಿಗೆ ಬಂತು. ಆಮೇಲೆ:

"ಮುಗಿಯಲ್ಲ ಅಂದ್ರೆ ಹಗ್ಗ ಎಲ್ಲಿ ಕತ್ತರಿಸೋದು?"

ಇಪ್ಪತ್ತೇಳು ವರ್ಷ. ಮೂರರ ವರ್ಗಮೂಲವನ್ನು ಎಷ್ಟು ಸಾವಿರ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ. ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಲು ನಾನು ಸಮಯ ಕೊಟ್ಟಿರಲಿಲ್ಲವೇನೋ. ಎರಡು ಬೆರಳಲ್ಲಿ ಕುಟ್ಟುತ್ತಾ ಉತ್ತರ ಬರೆದೆ. ಒಂದೇ ದಶಾಂಶ ಸ್ಥಾನ ತೆಗೆದುಕೊಂಡರೆ ಅರವತ್ತನಾಲ್ಕು ಸೆಂಟಿಮೀಟರ್ ತಪ್ಪುತ್ತದೆ, ಮೂರು ಸ್ಥಾನ ತೆಗೆದುಕೊಂಡರೆ ಒಂದೇ ಒಂದು ಮಿಲಿಮೀಟರ್. ಸಂಖ್ಯೆ ಮುಗಿಯದಿದ್ದರೂ ತಪ್ಪು ಚಿಕ್ಕದಾಗುತ್ತಾ ಹೋಗುತ್ತದೆ. ಯಾವ ಕೆಲಸಕ್ಕೆ ಎಷ್ಟು ತಪ್ಪು ನಡೆಯುತ್ತದೆ ಎಂದು ನಾವೇ ನಿರ್ಧರಿಸಬೇಕು.

ಬರೆಯಲು ಆರು ನಿಮಿಷ ಹಿಡಿಯಿತು. ಯಾರೂ ಗಲಾಟೆ ಮಾಡಲಿಲ್ಲ, ಅಕ್ಷರ ಬರುವುದನ್ನೇ ಕಾಯುತ್ತಿದ್ದರು. ಮಿಡತೆ ಓದಿ ಹೇಳಿತು: "ಸರಿ. ಹಾಗಾದ್ರೆ ಮೂವತ್ತೈದಕ್ಕೆ ಕತ್ತರಿಸಿ. ಉಳಿದಿದ್ರಲ್ಲಿ ಗಂಟು ಹಾಕೋಣ."

ನಗು ಉಕ್ಕಿ ಬಂತು. ಬಾಯಿ ಒತ್ತಿ ಹಿಡಿದು ಕುಲುಕಿದೆ. ನಗಬಹುದೋ ಬಾರದೋ ಡಾಕ್ಟರನ್ನು ಕೇಳಿಲ್ಲ.

ಮಿಡತೆ ಯಾರಿರಬಹುದು? ಮೊದಲ ಬೆಂಚಿನ ಆ ತೊಂಬತ್ತೆಂಟು ಅಂಕದವನೇ ಇರಬೇಕು.

ಆಗಸ್ಟ್ 22, ಶುಕ್ರವಾರ

"ನೀವು ಮೇಡಂ ಅಲ್ವಾ?" ಎಂದು ಮಿಡತೆ ಕೇಳಿತು. ಸುಳ್ಳು ಹೇಳಲು ಕೈ ಬರಲಿಲ್ಲ. ಹೌದು ಎಂದೆ. ಆಮೇಲೆ ಮಿಡತೆ ಒಂದಕ್ಷರ ಬರೆಯಲಿಲ್ಲ. ಬಂಡೆಯ ನೆರಳಿನಲ್ಲಿ ಹೋಗಿ ನಿಂತಿತು.

ಆಗಸ್ಟ್ 25, ಸೋಮವಾರ

ವರದಿ ಬರಬೇಕಿತ್ತು, ಬರಲಿಲ್ಲ. ಇನ್ನೊಂದು ಪ್ರಯೋಗಾಲಯಕ್ಕೂ ಕಳಿಸಿದ್ದೇವೆ, ಕಾಯಿರಿ ಎಂದರಂತೆ. ಇನ್ನೊಂದು ಯಾಕೆ? ನನ್ನ ಗಂಡ ಫೋನಿಟ್ಟು, ಚೌಕಟ್ಟಿನ ಸಣ್ಣ ಮೊಳೆಯನ್ನು ಅರ್ಧ ಗಂಟೆ ಹುಡುಕಿದರು. ಅದು ಅವರ ಅಂಗೈಯಲ್ಲೇ ಇತ್ತು.

ಮಿಡತೆಯೂ ಮಾತಾಡುತ್ತಿಲ್ಲ.

ಆಗಸ್ಟ್ 26, ಮಂಗಳವಾರ

ದ್ವೀಪದ ಬೆಳೆ ಒಣಗುತ್ತಿದೆ. ನದಿಯ ನೀರನ್ನು ಬಂಡೆಯ ಮೇಲಕ್ಕೆ ಏರಿಸಬೇಕು. ಮಕ್ಕಳು ಮೇಲೆ ಪಂಪು ಇಟ್ಟು ಕೊಳವೆ ಇಳಿಬಿಟ್ಟರು. ಪಂಪು ಗರಗರ ತಿರುಗಿತು, ನೀರು ಬರಲಿಲ್ಲ. ಇನ್ನೂ ದೊಡ್ಡ ಪಂಪು ತಂದರು, ಬರಲಿಲ್ಲ. "ಮೇಡಂ ಯಾಕೆ ಬರ್ತಿಲ್ಲ?" ಎಂದು ಎಲ್ಲರೂ ನನ್ನನ್ನು ಕೇಳಿದರು.

ನನಗೆ ಗೊತ್ತಿರಲಿಲ್ಲ. ಎಂದಿನಂತೆ ಆಗಿದ್ದರೆ "ಪಾಠ ಕೇಳಿದ್ರೆ ತಾನೇ ಗೊತ್ತಾಗೋದು" ಎಂದು ಗದರಿಸಿ, ಸಂಜೆ ಮನೆಗೆ ಹೋಗಿ ಪುಸ್ತಕ ತೆರೆಯುತ್ತಿದ್ದೆ. ಗದರಿಸಲು ಗಂಟಲಿಲ್ಲ. ಬರೆದೆ: "ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಗೊತ್ತಾ?"

ಬಂಡೆಯ ನೆರಳಿನಿಂದ ಮಿಡತೆ ನಿಧಾನವಾಗಿ ನಡೆದು ಬಂತು.

"ನಮ್ಮ ದೊಡ್ಡಪ್ಪ ಪಂಪ್ ರಿಪೇರಿ ಮಾಡ್ತಾರೆ. ಎಷ್ಟು ದೊಡ್ಡ ಪಂಪ್ ಆದ್ರೂ ಮೇಲಿಂದ ಎಳೆದ್ರೆ ಹತ್ತು ಮೀಟರ್ ಮೇಲೆ ನೀರು ಬರಲ್ಲ. ನೀರನ್ನ ಮೇಲಕ್ಕೆ ತಳ್ಳೋದು ಹೊರಗಿನ ಗಾಳಿ, ಪಂಪಲ್ಲ. ಗಾಳಿಗೆ ಅಷ್ಟೇ ಶಕ್ತಿ."

"ಹಾಗಾದರೆ?"

"ಬಂಡೆ ಮೂವತ್ತೈದು. ಮಧ್ಯ ಮಧ್ಯ ತೊಟ್ಟಿ ಇಟ್ಟು ನಾಲ್ಕು ಪಂಪ್ ಹಾಕಿ. ಇಲ್ಲಾಂದ್ರೆ ಪಂಪನ್ನ ಕೆಳಗಿಟ್ಟು ತಳ್ಳಿಸಿ. ಕೆಳಗಿಂದ ತಳ್ಳೋದೇ ವಾಸಿ, ಕೊಳವೆ ಗಟ್ಟಿ ಇರ್ಬೇಕು ಅಷ್ಟೇ."

ಪಂಪು ಕೆಳಗಿಳಿಯಿತು. ನೀರು ಮೇಲೆ ಬಂತು. ಕೋಣೆಯಲ್ಲಿ ಎಂಥ ಕೂಗು! ಪಕ್ಕದ ತರಗತಿಯ ಭಾಷೆಯ ಮೇಷ್ಟ್ರು ಬಾಗಿಲಿಗೆ ಬಂದು, "ಏನ್ ಮೇಡಂ, ಮಾತು ಬಂತಾ?" ಎಂದು ಕೇಳಿದರು.

ವಿಜ್ಞಾನದ ಮೇಡಂಗೆ (ಹುಡುಗಿ ಎನ್ನಲು ಇನ್ನು ಮನಸ್ಸಿಲ್ಲ) ಸ್ಲೇಟಿನಲ್ಲಿ ಎಲ್ಲವನ್ನೂ ಬರೆದು ತೋರಿಸಿದೆ. ಮೂರು ಸಲ ಅಳಿಸಿ ಬರೆಯಬೇಕಾಯಿತು. ಆಕೆ, "ಗಾಳಿಯ ಒತ್ತಡದ ಪಾಠಾನ ನಾಳೆ ಇಲ್ಲಿಂದಾನೇ ಶುರು ಮಾಡ್ತೀನಿ ಮೇಡಂ" ಎಂದರು.

ಆಗಸ್ಟ್ 28, ಗುರುವಾರ

ಇವತ್ತು ಎದ್ದು ಸಾಲುಗಳ ಹಿಂದೆ ಓಡಾಡಿದೆ. ಮಾತಿಲ್ಲದ್ದರಿಂದ ನಾನು ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ಮೊದಲ ಬೆಂಚಿನ ತೊಂಬತ್ತೆಂಟರವನ ಪರದೆಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು. ಕೊನೆಯ ಮೂಲೆಯಲ್ಲಿ, ನಾಲ್ಕು ಗುಂಡಿಯಿಲ್ಲದ ಆ ಕೀಲಿಮಣೆಯ ಮುಂದೆ ಒಬ್ಬಳು ಕೂತಿದ್ದಳು. ಗುಂಡಿ ಕಿತ್ತುಹೋದ ಕಡೆ ಪೆನ್ನಿನ ತುದಿಯಿಂದ ಒತ್ತಿ ಒತ್ತಿ ಬರೆಯುತ್ತಿದ್ದಳು, ಭಾರಿ ವೇಗದಲ್ಲಿ. ಪರದೆಯ ಮೇಲೆ ಹೆಸರು: ಮಿಡತೆ.

ಅವಳೇ. ಪಟ್ಟಿಯ ಮೊದಲ ಹೆಸರು.

ಪರದೆಯ ಗಾಜಿನಲ್ಲಿ ನನ್ನ ಬಿಂಬ ಕಂಡಿರಬೇಕು. ಅವಳ ಎರಡೂ ಭುಜ ಮೆಲ್ಲಗೆ ಮೇಲೆದ್ದು ಕಿವಿಯ ಹತ್ತಿರ ಬಂದು ನಿಂತವು. ಪೆಟ್ಟು ಬೀಳುತ್ತದೆಂದು ಕಾಯುವವರ ಭುಜ. ನಾನು ಯಾವ ಮಗುವಿಗೂ ಹೊಡೆದವಳಲ್ಲ. ನೋಡದವಳ ಹಾಗೆ ಮುಂದೆ ನಡೆದೆ.

ಮಧ್ಯಾಹ್ನ ವಿಜ್ಞಾನದ ಮೇಡಂಗೆ ಬರೆದು ಕೇಳಿದೆ: "ಅವಳಿಗೆ ಕಲ್ಲು ಅಂತ ಹೆಸರಿಟ್ಟವರು ಯಾರು?"

ಆಕೆ ಸ್ಲೇಟನ್ನು ನೋಡಿದರು, ನನ್ನನ್ನು ನೋಡಿದರು. "ಮೇಡಂ... ನೀವೇ ಅಲ್ವಾ?"

ಹೋದ ವರ್ಷ ಬೋರ್ಡಿನ ಮುಂದೆ ನಿಲ್ಲಿಸಿ ಏನೋ ಕೇಳಿದ್ದೆನಂತೆ. ಅವಳು ಸುಮ್ಮನೆ ನಿಂತಿದ್ದಳಂತೆ. "ಇಷ್ಟು ಹೊತ್ತು ಕಲ್ಲಿಗೆ ಹೇಳಿಕೊಟ್ಟಿದ್ರೆ ಅದೂ ಬಾಯಿ ಬಿಡ್ತಿತ್ತು" ಎಂದೆನಂತೆ. ತರಗತಿ ನಕ್ಕಿತಂತೆ. ಮರುದಿನದಿಂದ ಅದೇ ಹೆಸರು.

ನೆನಪೇ ಇಲ್ಲ. ಅದಕ್ಕೇ ಹೆಚ್ಚು ಸಂಕಟ. ಅವಳು ಪ್ರತಿದಿನ ಹೊತ್ತುಕೊಂಡು ತಿರುಗಿದ್ದನ್ನು ನಾನು ಆಡಿದ ದಿನವೇ ಮರೆತಿದ್ದೇನೆ.

ಆಗಸ್ಟ್ 29, ಶುಕ್ರವಾರ

ಹೆಡ್‌ಮೇಡಂ ಬಳಿ ಹೋಗಿ ಬರೆದುಕೊಟ್ಟೆ: "ನನ್ನ ಸಹಿ ವಾಪಸು ಬೇಕು."

ಕನ್ನಡಕ ತೆಗೆದು ನನ್ನನ್ನು ನೋಡಿದರು. "ಆಟದಲ್ಲಿ ಚೆನ್ನಾಗಿದ್ರೆ ಪರೀಕ್ಷೆ ಬರೀತಾರಾ? ಈ ನಾಲ್ಕೂ ಆಗಲ್ಲ ಅಂತ ಜೂನ್‌ನಲ್ಲಿ ನೀವೇ ತಾನೇ ಹೇಳಿದ್ದು?"

"ತಪ್ಪು ಹೇಳಿದ್ದೆ" ಎಂದು ಬರೆದೆ. ಅವರು ಸ್ಲೇಟನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಇಂಥದ್ದನ್ನು ನನ್ನ ಕೈಬರಹದಲ್ಲಿ ನೋಡಿರಲಿಲ್ಲವಲ್ಲ.

ಕೊನೆಗೆ ಹೇಳಿದರು: "ಎಂಟನೇ ತಾರೀಕು ನಾಲ್ಕೂ ಜನಕ್ಕೆ ನನ್ನ ರೂಮಲ್ಲೇ ಪರೀಕ್ಷೆ. ಪ್ರಶ್ನೆಪತ್ರಿಕೆ ನಾನೇ ತರಿಸ್ತೀನಿ, ನೀವು ಒಳಗೆ ಬರೋ ಹಾಗಿಲ್ಲ. ಮೂವತ್ತೈದು ಅಂಕ ಬಂದವರನ್ನ ಪಟ್ಟಿಯಿಂದ ಬಿಡ್ತೀನಿ."

ಒಂಬತ್ತು ದಿನ ಇದೆ. ನಾಲ್ವರ ಆಟದ ಹೆಸರುಗಳನ್ನು ವಿಜ್ಞಾನದ ಮೇಡಂ ಹೇಳಿದರು. ದ್ವೀಪದಲ್ಲಿ ಅವರಿಗೆಂದೇ ಹೊಸ ಕೆಲಸ ಕೊಡುತ್ತೇವೆ, ಪ್ರತಿಯೊಂದನ್ನೂ ಕಟ್ಟಿದ ಮೇಲೆ ಕಾಗದದಲ್ಲಿ ಬರೆಯಿಸುತ್ತೇವೆ.

ಸೆಪ್ಟೆಂಬರ್ 2, ಮಂಗಳವಾರ

ಮೂರನೇ ಪೀರಿಯಡ್ಡಿನ ಮಧ್ಯೆ ಕಿಟಕಿಯಿಂದ ನೋಡಿದರೆ ಶಾಲೆಯ ಗೇಟಿನ ಬಳಿ ನನ್ನ ಗಂಡ. ಅಂಗಡಿಯ ನೀಲಿ ಏಪ್ರನ್ ಬಿಚ್ಚಿಯೇ ಇಲ್ಲ. ಕೈಯಲ್ಲಿ ಕಂದು ಲಕೋಟೆ.

ಮೆಟ್ಟಿಲು ಹೇಗೆ ಇಳಿದೆನೋ. ಅವರು ಲಕೋಟೆ ಚಾಚಿದರು. "ನಾನು ಒಡೆದಿಲ್ಲ ಕಣೇ. ಕೈ ಬರ್ಲಿಲ್ಲ."

ಒಡೆದೆ. ಅರ್ಧ ಪುಟ ಗೊತ್ತಿಲ್ಲದ ಪದಗಳು. ಕೊನೆಯ ಸಾಲು ಮಾತ್ರ ಕಂಡಿತು. ಕ್ಯಾನ್ಸರಿನ ಲಕ್ಷಣ ಯಾವುದೂ ಇಲ್ಲ. ಎರಡು ಕಡೆಯೂ ನೋಡಿ ಖಚಿತಪಡಿಸಿಕೊಂಡದ್ದಂತೆ, ತಡವಾದದ್ದು ಅಷ್ಟಕ್ಕೇ.

ಸ್ಲೇಟು ಮೇಲೇ ಉಳಿದಿತ್ತು. ಅವರ ಅಂಗೈ ಹಿಡಿದು ಬೆರಳಿನಿಂದ ಬರೆದೆ: ಏನೂ ಇಲ್ಲ. ಅವರಿಗೆ ತಿಳಿಯಲಿಲ್ಲ. ಮತ್ತೆ ಬರೆದೆ. ಆಗ ಮೂವತ್ತು ವರ್ಷದಲ್ಲಿ ಮೊದಲ ಬಾರಿ ಆ ಮನುಷ್ಯ ತಡೆಯಿಲ್ಲದೆ ಮಾತಾಡಿದರು. ನಾಲ್ಕು ವಾರದಿಂದ ನಿದ್ದೆ ಇಲ್ಲ ಎಂದರು, ಎರಡು ಗಾಜು ಕೈತಪ್ಪಿ ಒಡೆದೆ ಎಂದರು, "ನೀನು ಬೈಯ್ಯದೆ ಮನೆ ಮನೆ ಥರಾನೇ ಇಲ್ಲ ಮಾರಾಯ್ತಿ" ಎಂದರು. ಗೇಟಿನವನು ಮುಖ ಆಚೆ ತಿರುಗಿಸಿಕೊಂಡ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

ಆಮೇಲೆ ಗಂಟೆ ನೋಡಿದೆ. ಮಕ್ಕಳು ದ್ವೀಪದ ಸೇತುವೆಯ ಅರ್ಧದಲ್ಲಿ ನಿಂತಿದ್ದರು. ಗಂಡನನ್ನು ಅಂಗಡಿಗೆ ಕಳಿಸಿ ಓಡಿದೆ.

ಸೆಪ್ಟೆಂಬರ್ 8, ಸೋಮವಾರ

ಪರೀಕ್ಷೆ. ಹೆಡ್‌ಮೇಡಂ ಕೋಣೆಯ ಬಾಗಿಲು ಮುಚ್ಚಿತ್ತು. ಎರಡು ಗಂಟೆ ಪಡಸಾಲೆಯಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದೆ. ವರದಿಗೆ ಕಾಯುವಾಗಲೂ ಇಷ್ಟು ನಡೆದಿರಲಿಲ್ಲ. ವಿಜ್ಞಾನದ ಮೇಡಂ ಟೀ ತಂದುಕೊಟ್ಟರು. ಇಬ್ಬರೂ ಕುಡಿಯದೆ ಹಿಡಿದುಕೊಂಡು ನಿಂತೆವು.

ಮಿಡತೆ ಎಲ್ಲರಿಗಿಂತ ಕೊನೆಗೆ ಹೊರಬಂದಳು. ಬೆರಳಿಗೆ ಶಾಯಿ. ನನ್ನನ್ನು ನೋಡಿ ಒಮ್ಮೆ ನಿಂತು, ಮುಂದೆ ಹೋದಳು. ಭುಜ ಮಾತ್ರ ಕೆಳಗೇ ಇತ್ತು.

ಸೆಪ್ಟೆಂಬರ್ 9, ಮಂಗಳವಾರ

ನಲವತ್ತೊಂಬತ್ತು, ನಲವತ್ತೊಂದು, ಮೂವತ್ತೇಳು, ಇಪ್ಪತ್ತೊಂಬತ್ತು.

ನಲವತ್ತೊಂಬತ್ತು ಅವಳದು. ಇಪ್ಪತ್ತೊಂಬತ್ತು ಗೂಬೆಯದು, ಪಾಪ. ಅವನ ಉತ್ತರಪತ್ರಿಕೆ ನೋಡಿದೆ. ಲೆಕ್ಕವೆಲ್ಲ ಸರಿ ಶುರು ಮಾಡಿದ್ದಾನೆ, ಒಂದನ್ನೂ ಮುಗಿಸಿಲ್ಲ. ಸ್ಲೇಟು ಹಿಡಿದು ಮತ್ತೆ ಹೆಡ್‌ಮೇಡಂ ಮುಂದೆ ನಿಂತೆ. ನಾನು ಬರೆಯುವ ಮೊದಲೇ ಅವರು ಕೈಯೆತ್ತಿದರು. "ಗೊತ್ತು, ಗೊತ್ತು. ಗಡುವು ಒಂದು ತಿಂಗಳು ಮುಂದಕ್ಕೆ ಕೇಳಿ ಪತ್ರ ಬರೆದಿದ್ದೀನಿ. ಅವನಿಗೆ ಇನ್ನೊಂದು ಸಲ ಪರೀಕ್ಷೆ. ಈಗ ಹೋಗಿ, ನಿಮ್ಮ ಮೌನ ನಂಗೆ ನಿಮ್ಮ ಗದ್ದಲಕ್ಕಿಂತ ಜೋರಾಗಿ ಕೇಳಿಸ್ತಿದೆ."

ಮೂರು ಹೆಸರಿನ ಮೇಲೆ ಅವರೇ ಗೆರೆ ಎಳೆದರು.

ಸೆಪ್ಟೆಂಬರ್ 15, ಸೋಮವಾರ

ಆರು ವಾರ ಮುಗಿಯಿತು. ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ, "ಚೆನ್ನಾಗಿ ಮಾಗಿದೆ" ಎಂದರು. ಈ ವಾರ ದಿನಕ್ಕೆ ಐದೇ ನಿಮಿಷ ಮಾತು, ಮೆಲ್ಲಗೆ. ಹಳೆಯ ದನಿ ಪೂರ್ತಿ ಬರುವುದು ಅನುಮಾನವಂತೆ, ಇನ್ನು ಮೇಲೆ ಕೂಗುವಂತೆಯೇ ಇಲ್ಲವಂತೆ. ಕೆಟ್ಟ ಸುದ್ದಿ ಹೇಳುವವರ ಹಾಗೆ ಹೇಳಿದರು. ನಾನು ಸರಿ ಎಂದು ತಲೆಯಾಡಿಸಿದೆ, ಗೂಬೆಯ ಪರೀಕ್ಷೆಯ ಯೋಚನೆಯಲ್ಲಿದ್ದೆ.

ದಾರಿಯಲ್ಲಿ ನನ್ನ ಗಂಡ, ಎಡಗಣ್ಣಿಗೆ ಒಂದು ಬಲಗಣ್ಣಿಗೆ ಒಂದು ಚೌಕಟ್ಟು ಬೇಕೆಂದು ಹಟ ಹಿಡಿದ ಗಿರಾಕಿಯ ಕಥೆ ಹೇಳುತ್ತಿದ್ದವರು ತಟ್ಟನೆ ನಿಲ್ಲಿಸಿದರು. "ಅಲ್ಲಾ, ಈಗ ನೀನು ಮಾತಾಡ್ಬಹುದಲ್ಲ! ಏನಾದ್ರೂ ಹೇಳೇ."

ದನಿ ತುಕ್ಕು ಹಿಡಿದ ಬಾಗಿಲಿನ ಹಾಗೆ ಬಂತು: "ನೀವು ಹೇಳಿ ರೀ. ಆಮೇಲೇನಾಯ್ತು?"

ಐದು ನಿಮಿಷದಲ್ಲಿ ಎರಡು ನಿಮಿಷವೂ ಖರ್ಚಾಗಲಿಲ್ಲ. ನಾಳೆಗೆ ಸೇರಿಸಿಕೊಳ್ಳಬಹುದೇ ಎಂದು ಕೇಳಬೇಕಿತ್ತು.

ಸೆಪ್ಟೆಂಬರ್ 16, ಮಂಗಳವಾರ

ಏನು ಹೇಳಬೇಕೆಂದು ರಾತ್ರಿಯೇ ಬರೆದುಕೊಂಡು ಹೋಗಿದ್ದೆ. ಎಲ್ಲರ ಮುಂದೆ ಆಡಿದ ಮಾತು, ವಾಪಸು ತೆಗೆದುಕೊಳ್ಳುವುದೂ ಎಲ್ಲರ ಮುಂದೆಯೇ ಆಗಬೇಕು.

ದಿನಕ್ಕೆ ಐದೇ ನಿಮಿಷ ಮಾತು ಎಂದು ಸ್ಲೇಟಿನಲ್ಲಿ ಬರೆದು ತೋರಿಸಿ ಮೇಜಿನ ಪಕ್ಕ ನಿಂತೆ. ಗುಡುಗಮ್ಮನ ಬಾಯಿ ತೆರೆಯುವುದನ್ನು ನೋಡಲು ನಲವತ್ತೊಂದು ಮುಖ ಕಾಯುತ್ತಿದ್ದವು.

"ಹೋದ ವರ್ಷ ನಾನು ನಿಮ್ಮಲ್ಲಿ ಒಬ್ಬಳನ್ನ ಕಲ್ಲು ಅಂದೆ. ನೀವೂ ಅದನ್ನೇ ಹಿಡ್ಕೊಂಡ್ರಿ. ನಿಮ್ಮದು ತಪ್ಪಲ್ಲ, ನನ್ನದು. ಅವಳು..."

ಕೊನೆಯ ಬೆಂಚಿನಿಂದ ಒಂದು ದನಿ ಬಂತು. ತೆಳ್ಳಗಿನ, ಗಟ್ಟಿಯಾದ, ಈ ಕೋಣೆಯಲ್ಲಿ ನಾನು ಕೇಳಿರದ ದನಿ.

"ಮೇಡಂ, ಇಲ್ಲಿಗೆ ಕೇಳಿಸ್ತಿಲ್ಲ."

ಅವಳೇ. ಚೀಟಿ ಮಡಚಿದೆ. ಸಾಲುಗಳ ನಡುವೆ ನಡೆದು ಹೋಗಿ ಕೊನೆಯ ಬೆಂಚಿನಲ್ಲಿ ಅವಳ ಪಕ್ಕ ಕೂತೆ. ಬೆಂಚು ಬಹಳ ಗಿಡ್ಡ, ಅಲ್ಲಿಂದ ಬೋರ್ಡಿನ ಕೆಳಗಿನ ಅರ್ಧ ಕಾಣುವುದೇ ಇಲ್ಲ, ಇದು ನನಗೆ ಗೊತ್ತೇ ಇರಲಿಲ್ಲ. ಎಲ್ಲರೂ ತಿರುಗಿ ಕೂತರು.

"ನಿನ್ನನ್ನ ಹಾಗೆ ಕರೆದದ್ದು ತಪ್ಪಾಯ್ತಮ್ಮ" ಎಂದೆ. "ಕ್ಷಮಿಸು."

ಅವಳು ಮೇಜಿನ ಮೇಲಿನ ಗೀರನ್ನು ಉಗುರಿನಿಂದ ಉಜ್ಜಿದಳು. ಆಮೇಲೆ, "ಈಗ ಕೇಳಿಸ್ತು ಮೇಡಂ" ಎಂದಳು. ಆ ಗೀರಿನಿಂದ ಕಣ್ಣೆತ್ತಿ, "ಇವತ್ತು ನಿಮಗೆ ಇನ್ನೆಷ್ಟು ನಿಮಿಷ ಮಾತಿದೆ?"

"ಮೂರು."

"ಹಾಗಾದ್ರೆ ನೀವು ಸುಮ್ನಿರಿ. ಇವತ್ತಿನ ಲೆಕ್ಕ ನಾನೇ ಹೇಳ್ತೀನಿ."

ಎದ್ದು ಹೋಗಿ ಸೀಮೆಸುಣ್ಣ ತೆಗೆದುಕೊಂಡಳು. ಕೊನೆಯ ಬೆಂಚಿಗೂ ಕಾಣಲೆಂದು ಬೋರ್ಡಿನ ತುತ್ತ ತುದಿಯಿಂದ ಶುರು ಮಾಡಿದಳು. ನಾಲ್ಕನೇ ಸಾಲಿನಲ್ಲಿ ಮೈನಸ್ ಬರೆಯಬೇಕಾದಲ್ಲಿ ಪ್ಲಸ್ ಬರೆದಳು. ನಾನು ಬಾಯಿ ತೆರೆಯಲಿಲ್ಲ. ಐದನೇ ಸಾಲು ಮುಗಿಸಿ ಆರಕ್ಕೆ ಹೋದಳು, ನಿಂತಳು, ತಲೆ ಕೆರೆದುಕೊಂಡಳು, ನಾವೆಲ್ಲ ಕಾದೆವು. ತಾನೇ ನಾಲ್ಕನೇ ಸಾಲಿಗೆ ವಾಪಸು ಬಂದು, ಅಂಗೈಯಿಂದ ಅಳಿಸಿ, ಸರಿ ಮಾಡಿದಳು.